ಹಸಿರು ಜೋಡಿಗೆ ನೀಲಿ ಮರಿ

ಹಕ್ಕಿ ಸಾಕುವ ಹುಚ್ಚು ನನಗೆ ಎಂದೂ ಇದ್ದುದಲ್ಲ. ಕಾವ್ಯಗಳಲ್ಲಿ ಬರುವ ಗಿಳಿ, ಕೋಗಿಲೆ, ಹಂಸಗಳನ್ನು ತರಗತಿಯಲ್ಲಿ ಬೇಕಾದಷ್ಟು ಹಾರಿಸಿದ್ದೇನೆ; ಅವಕ್ಕೆ ಕಾಳು ನೀರು ಇಡುವ ಗೊಡವೆಯಿಲ್ಲ, ಪಂಜರ ತೊಳೆಯುವ ಶ್ರಮವಿಲ್ಲ. ಅಂಥ ನನ್ನ ಮನೆಯ ವರಾಂಡದಲ್ಲಿ ಈಗ ಹತ್ತು ಹಕ್ಕಿಗಳಿವೆ. ಬೆಳಗಿನ ಐದೂವರೆಗೆ ಅವು ಎಬ್ಬಿಸುವ ಗಲಭೆಗೆ ಆರ್. ಟಿ. ನಗರದ ನಮ್ಮ ಅಡ್ಡರಸ್ತೆಯೇ ಎಚ್ಚರಗೊಳ್ಳುತ್ತದೆ. ಎದುರು ಮನೆಯ ನಿವೃತ್ತ ಹಿರಿಯರು, “ಏನು ಮೇಷ್ಟ್ರೇ, ಮನೆಯಲ್ಲೂ ಒಂದು ತರಗತಿ ಇಟ್ಟುಕೊಂಡಿರಲ್ಲ!” ಎಂದು ಹಾಸ್ಯ ಮಾಡುತ್ತಾರೆ. ಹಾಜರಿ ತೆಗೆದುಕೊಳ್ಳುವುದೊಂದು ಬಾಕಿ.

ಹಕ್ಕಿಗಳು ಬಂದುದು ನನ್ನ ಮಗಳ ನಿಮಿತ್ತ. ಪುಟ್ಟಿಗೆ ಈಗ ಆರು ವರ್ಷ. ಹುಟ್ಟಿದಂದಿನಿಂದ ಅವಳಿಗೆ ಕಿವಿ ಕೇಳದು. ಮಾತು ತಡವಾಗಿ ಬರುವ ಮಕ್ಕಳು ಎಷ್ಟೋ ಇರುತ್ತಾರೆ ಎಂಬ ಹಿರಿಯರ ಸಮಾಧಾನವನ್ನು ನಂಬಿ ನಾವು ಎರಡು ವರ್ಷ ಕಳೆದೆವು. ಸಂಗತಿ ತಿಳಿದು, ಓಡಾಡಿ, ಮೂರನೆಯ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿ ಕಿವಿಯೊಳಗೆ ಕಾಕ್ಲಿಯರ್ ಇಂಪ್ಲಾಂಟ್ ಇಡಿಸಿದ್ದಾಯಿತು. ಯಂತ್ರವನ್ನು ಇಟ್ಟೊಡನೆ ಮಗು ಕೇಳಿಬಿಡುತ್ತದೆಂದು ನಾನು ತಿಳಿದಿದ್ದೆ. ಹಾಗಲ್ಲ. ಒಳಗೆ ಬಂದ ಸದ್ದಿಗೆ ಅರ್ಥ ಕಟ್ಟುವುದನ್ನು ಮಿದುಳು ಮೊದಲಿನಿಂದ ಕಲಿಯಬೇಕು. ಮಾತಿನ ತರಬೇತಿ ಕೊಡುವವರು, “ಮನೆಯಲ್ಲಿ ಆಗುವ ಪ್ರತಿಯೊಂದು ಸದ್ದನ್ನೂ ತೋರಿಸಿ, ಅದರ ಹೆಸರು ಹೇಳಿ” ಎಂದು ಅಪ್ಪಣೆ ಮಾಡಿದರು. ಕುಕ್ಕರಿನ ಸೀಟಿ, ನಲ್ಲಿಯ ನೀರು, ಸೊಪ್ಪಿನವಳ ಕೂಗು, ಎಲ್ಲಕ್ಕೂ ನಾಮಕರಣವಾಯಿತು. ಮಗು ನಮ್ಮ ಬೆರಳನ್ನು ನೋಡುತ್ತಿತ್ತೇ ಹೊರತು ಸದ್ದಿನ ಕಡೆಗೆ ತಾನಾಗಿ ತಿರುಗುತ್ತಿರಲಿಲ್ಲ.

ಒಂದು ಸಂಜೆ ಗಂಗಾನಗರದಲ್ಲಿ ಹೋಗುತ್ತಿದ್ದೆವು. ನನ್ನ ಕೈ ಹಿಡಿದು ಬರುತ್ತಿದ್ದವಳು ತಟಕ್ಕನೆ ನಿಂತಳು. ತಲೆಯೆತ್ತಿದಳು. ಒಂದು ಮಹಡಿಯ ಮೇಲೆ ಯಾರೋ ಹುಡುಗ ಸಾಕಿದ್ದ ಹಕ್ಕಿಗಳ ಚಿಲಿಪಿಲಿ! ಯಾರೂ ತೋರಿಸಿದ್ದಲ್ಲ, ಹೆಸರು ಹೇಳಿದ್ದಲ್ಲ. ಅಂದೇ ಮಹಡಿ ಹತ್ತಿ ಹೋಗಿ ಒಂದು ಜೋಡಿಯನ್ನು ಕೊಂಡೆ. ಚೌಕಾಸಿ ಮಾಡಬೇಕೆಂದೂ ನನಗೆ ತೋಚಲಿಲ್ಲ. ಎರಡೂ ಅಚ್ಚ ಹಸಿರು. ಹಳದಿ ತಲೆ, ಬೆನ್ನಿನ ಮೇಲೆ ಕಪ್ಪು ಅಲೆಗಳು. “ಒಂದೇ ಗೂಡಿನ ಮರಿಗಳು ಸಾರ್, ಚೆನ್ನಾಗಿ ಹೊಂದಿಕೊಂಡಿವೆ” ಎಂದು ಹುಡುಗ ಭರವಸೆ ಕೊಟ್ಟನು.

ಈ ಹಕ್ಕಿಯನ್ನು ಬೆಂಗಳೂರಿನಲ್ಲಿ ಎಲ್ಲರೂ ಲವ್ ಬರ್ಡ್ಸ್ ಎನ್ನುತ್ತಾರೆ. ನಿಜವಾದ ಲವ್ ಬರ್ಡ್ ಆಫ್ರಿಕದ್ದು. ಇದು ಆಸ್ಟ್ರೇಲಿಯದ ಬಡ್ಜರಿಗಾರ್, ಗಿಳಿಯ ಸಣ್ಣ ದಾಯಾದಿ. 1840ರಲ್ಲಿ ಜಾನ್ ಗೂಲ್ಡ್ ಎಂಬ ಪಕ್ಷಿಶಾಸ್ತ್ರಜ್ಞನು ಇವನ್ನು ಜೀವಂತವಾಗಿ ಇಂಗ್ಲೆಂಡಿಗೆ ಒಯ್ದ ತರುವಾಯ ಲೋಕದ ಮನೆಮನೆಗೂ ಹಬ್ಬಿದುವು. ನಮ್ಮದೇ ಊರಿನ ಗಿಳಿಯನ್ನು ಪಂಜರದಲ್ಲಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಒಪ್ಪುವುದಿಲ್ಲ. ನಮ್ಮ ಅಜ್ಜನ ಮನೆಯ ಜಗಲಿಯಲ್ಲಿ “ಯಾರು ಬಂದರು?” ಎಂದು ಕೇಳುತ್ತಿದ್ದ ಗಿಳಿಯೊಂದಿತ್ತು, ಇಂದು ಅದನ್ನು ಇಟ್ಟುಕೊಂಡರೆ ಬರುವವರು ಅರಣ್ಯ ಇಲಾಖೆಯವರು.

ಹಿಂಭಾಗದಲ್ಲಿ ತೂತಿರುವ ಒಂದು ಮಣ್ಣಿನ ಮಡಕೆಯನ್ನು ಪಂಜರಕ್ಕೆ ಕಟ್ಟಿದೆವು. ಯಶವಂತಪುರದ ಮಂಡಿಯಿಂದ ನವಣೆ ಬಂದಿತು. ತಾವು ಬಾಲ್ಯದಲ್ಲಿ ಉಂಡ ನವಣೆಯನ್ನು ಹಕ್ಕಿಗೆ ಸುರಿಯುವುದನ್ನು ಕಂಡು ಅಮ್ಮನಿಗೆ ಸ್ವಲ್ಪ ಬೇಸರವೇ ಆಯಿತು. ಕೆಲವು ತಿಂಗಳಲ್ಲಿ ಮಡಕೆಯೊಳಗೆ ಮೊಟ್ಟೆ ಕಾಣಿಸಿತು. ದಿನ ಬಿಟ್ಟು ದಿನ ಒಂದೊಂದರಂತೆ ನಾಲ್ಕು. ಹದಿನೆಂಟು ದಿನದ ಕಾವು. ಇಟ್ಟ ಕ್ರಮದಲ್ಲಿಯೇ ಒಡೆಯುವುದರಿಂದ ಮರಿಗಳು ಮೆಟ್ಟಿಲಿಟ್ಟಂತೆ ಒಂದಕ್ಕಿಂತ ಒಂದು ಚಿಕ್ಕವು. ನಾಲ್ಕೂ ಹಸಿರಾದವು. “ತಂದೆ ತಾಯಿಯ ಅಚ್ಚು” ಎಂದರು ಅಮ್ಮ.

ಎರಡನೆಯ ಸಲ ಐದು ಮೊಟ್ಟೆ. ಒಂದು ಬರಡಾಯಿತು, ನಾಲ್ಕು ಒಡೆದವು. ಎರಡನೆಯ ವಾರದಲ್ಲಿ ಮೈಮೇಲೆ ಮುಳ್ಳಿನಂಥ ಗರಿಗಳು ಮೂಡಿ, ತುದಿ ಬಿಚ್ಚಿ, ಬಣ್ಣ ಇಣುಕತೊಡಗಿತು. ಮೂರರ ತುದಿ ಹಸಿರು. ಮೂರನೆಯದಕ್ಕೂ ಐದನೆಯದಕ್ಕೂ ನಡುವೆ ಹುಟ್ಟಿದ ಮರಿಯೊಂದರ ತುದಿ ಮಾತ್ರ ಆಕಾಶದಂತೆ ನೀಲಿ! ಮುಖ ಹಾಲಿನಂತೆ ಬಿಳುಪು. ಹಳದಿಯ ಸುಳಿವೇ ಇಲ್ಲ.

ಮನೆಯಲ್ಲಿ ಸೋಜಿಗವೋ ಸೋಜಿಗ. ಎದುರು ಮನೆಯ ಹಿರಿಯರು ಕನ್ನಡಕ ಸರಿಪಡಿಸಿಕೊಂಡು ನೋಡಿ, ದನಿ ತಗ್ಗಿಸಿ, “ಹೊರಗಿನ ಹಕ್ಕಿ ಯಾವುದಾದರೂ ಬಂದು ಹೋಗುತ್ತಿತ್ತೇ?” ಎಂದು ನನ್ನನ್ನೇ ವಿಚಾರಿಸಿದರು. ಬೀಗ ಹಾಕಿದ ಪಂಜರ; ತಂತಿಯ ಸಂದಿಯಲ್ಲಿ ನನ್ನ ಕಿರುಬೆರಳು ತೂರದು. ಪಾಪ, ಹೆಣ್ಣುಹಕ್ಕಿ ಮಡಕೆಯ ಬಾಯಲ್ಲಿ ಕುಳಿತು ಅವರನ್ನೇ ನೋಡುತ್ತಿತ್ತು. ಮನುಷ್ಯನ ಅನುಮಾನ ಮೊದಲು ಯಾರ ಮೇಲೆ ಇಳಿಯುತ್ತದೆ ನೋಡಿ! ಅಮ್ಮನೂ ಬಂದು ಬಗ್ಗಿ ನೋಡಿದರು. “ಎಲ್ಲಿಂದ ಬಂತೋ ಇದು? ವಂಶದಲ್ಲಿ ಯಾರಿಗೂ ಇಲ್ಲದ್ದು” ಎಂದರು.

ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಆ ಮಾತನ್ನು ಕೇಳಿ ಒಳಗೆ ಹೋದಳು.

ಅದೇ ಮಾತನ್ನು, ಅದೇ ದನಿಯಲ್ಲಿ, ನಾವು ಆಸ್ಪತ್ರೆಯ ಮೊಗಸಾಲೆಯಲ್ಲಿ ಕೇಳಿದ್ದೆವು. ಪುಟ್ಟಿಗೆ ಕೇಳಿಸುವುದಿಲ್ಲವೆಂದು ನಿಶ್ಚಯವಾದ ದಿನ ಅಮ್ಮ, “ನಮ್ಮ ವಂಶದಲ್ಲಿ ಯಾರಿಗೂ ಇಲ್ಲದ್ದು ಎಲ್ಲಿಂದ ಬಂತು?” ಎಂದು ಕೇಳಿ, ಒಂದು ಗಳಿಗೆ ತಡೆದು, “ಅತ್ತಿಗೆಯ ತೌರಿನಲ್ಲಿ ಯಾರಿಗಿತ್ತೋ, ಹೇಳದೆ ಮುಚ್ಚಿಟ್ಟರು” ಎಂದು ತಾವೇ ಉತ್ತರ ಹೇಳಿಕೊಂಡಿದ್ದರು.

ಇಲ್ಲಿ ನಮ್ಮ ಸಂಬಂಧವನ್ನು ಬಿಡಿಸಿ ಹೇಳಬೇಕು. ನನ್ನ ಹೆಂಡತಿ ನನ್ನ ಸೋದರಮಾವನ ಮಗಳು. ಎಂದರೆ ಅಮ್ಮನ ಒಡಹುಟ್ಟಿದ ಅಣ್ಣನ ಮಗಳು. ಮದುವೆಯ ದಿನದವರೆಗೂ ನನ್ನನ್ನು “ಭಾವ” ಎಂದು ಕರೆಯುತ್ತಿದ್ದವಳು ಮರುದಿನದಿಂದ “ರೀ” ಎಂದಳು; ಮಿಕ್ಕಂತೆ ಯಾರೂ ಯಾರ ಹೆಸರನ್ನೂ ಬದಲಿಸಬೇಕಾಗಲಿಲ್ಲ. ನನಗೆ ಮಾವ ಮಾವನೇ ಆಗಿ ಉಳಿದರು, ಅವಳಿಗೆ ಅತ್ತೆ ಅತ್ತೆಯೇ. ಇದು ನಮ್ಮ ಭಾಷೆಯ ಒಂದು ಗುಟ್ಟು. ತಾಯಿಯ ಅಣ್ಣನೂ ಹೆಂಡತಿಯ ತಂದೆಯೂ ಮಾವ. ತಂದೆಯ ತಂಗಿಯೂ ಗಂಡನ ತಾಯಿಯೂ ಅತ್ತೆ. ಅಕ್ಕನ ಮಗನೂ ಮಗಳ ಗಂಡನೂ ಅಳಿಯ. ಅಕ್ಕನ ಮಗಳೂ ಮಗನ ಹೆಂಡತಿಯೂ ಸೊಸೆ. ಶಬ್ದಗಳೇ ಮೊದಲು ಕೂತು ಮದುವೆಯನ್ನು ನಿಶ್ಚಯಿಸಿಬಿಟ್ಟಿವೆ! ದಕ್ಷಿಣದವರು ಸೋದರಮಾವನ ಮಗಳನ್ನು ಲಗ್ನವಾಗುತ್ತಾರೆಂದು ಬೌಧಾಯನ ಧರ್ಮಸೂತ್ರವೇ ಗುರುತಿಸಿದೆ. ಗೋತ್ರ ನೋಡಿದರೆ ಬೇರೆ. ಜಾತಕ ನೋಡಿದರೆ ಹೊಂದಿತು. ಅಜ್ಜ ಅಜ್ಜಿ ಒಬ್ಬರೇ ಎಂಬುದನ್ನು ನೋಡುವ ಪಂಚಾಂಗ ಯಾವುದೂ ಇರಲಿಲ್ಲ.

ನಾವೇನೂ ಅಪರೂಪದವರಲ್ಲ. 1980ರಿಂದ 1989ರವರೆಗೆ ಬೆಂಗಳೂರು, ಮೈಸೂರು ನಗರಗಳಲ್ಲಿ ಲಕ್ಷಕ್ಕೂ ಮಿಕ್ಕ ಸಂಸಾರಗಳನ್ನು ವಿಚಾರಿಸಿ ಮಾಡಿದ ಒಂದು ಅಧ್ಯಯನದಲ್ಲಿ ಸುಮಾರು ಮೂರನೆಯ ಒಂದು ಪಾಲು ಮದುವೆಗಳು ರಕ್ತಸಂಬಂಧದಲ್ಲಿಯೇ ಆಗಿದ್ದವು. ಅವುಗಳಲ್ಲಿ ಸೋದರಮಾವನೇ ಅಕ್ಕನ ಮಗಳನ್ನು ಮದುವೆಯಾದುವು ಎಲ್ಲಕ್ಕಿಂತ ಹೆಚ್ಚು. ಇವರಲ್ಲಿ ಬಹುಮಂದಿಯ ಮಕ್ಕಳು ಆರೋಗ್ಯವಾಗಿಯೇ ಇದ್ದಾರೆ. ಯಾವ ಮದುವೆಯಲ್ಲಾದರೂ ನೂರು ಮಕ್ಕಳಲ್ಲಿ ಎರಡು ಮೂರಕ್ಕೆ ಹುಟ್ಟಿನಿಂದ ಏನಾದರೊಂದು ತೊಂದರೆ ಇರುತ್ತದೆ. ನಮ್ಮಂಥ ಮದುವೆಯಲ್ಲಿ ಅದು ಹೆಚ್ಚುಕಡಮೆ ಇಮ್ಮಡಿಯಾಗುತ್ತದೆ ಎಂದು ವೈದ್ಯರ ಲೆಕ್ಕ.

ಇನ್ನು ಅಮ್ಮನ ಅತ್ತಿಗೆ, ಎಂದರೆ ತಿಪಟೂರಿನ ನನ್ನ ಅತ್ತೆಯವರ ವಿಷಯ. ನಂಟರ ಬಾಯಿಂದ ಬಾಯಿಗೆ ದಾಟಿ ಅಮ್ಮನ ಮಾತು ಅವರನ್ನು ಮುಟ್ಟಿತು. ಅವರು ಮರುಮಾತಾಡಲಿಲ್ಲ; ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದರು. ಮಾವ ತೀರಿಹೋದಾಗ ಅಮ್ಮ ತಿಪಟೂರಿಗೆ ಹೋಗಿ ವೈಕುಂಠ ಸಮಾರಾಧನೆಯವರೆಗೂ ಅಲ್ಲಿಯೇ ಇದ್ದರು. ಹದಿಮೂರು ದಿನಗಳೂ ಇಬ್ಬರು ಹೆಂಗಸರು ಒಂದೇ ಅಡಿಗೆಮನೆಯಲ್ಲಿ ಓಡಾಡಿದರು. ಒಂದು ಮಾತನ್ನಾದರೂ ಆಡಲಿಲ್ಲ. ನನ್ನ ಹೆಂಡತಿ ತಾಯಿಯನ್ನು ಕಾಣಲು ವರ್ಷಕ್ಕೆರಡು ಬಾರಿ ಒಬ್ಬಳೇ ಹೋಗಿ ಬರುವಳು.

ಈ ಕಥೆಯಲ್ಲಿ ನನ್ನ ಪಾಲೂ ಇದೆ. ಪುಟ್ಟಿಯ ರಕ್ತವನ್ನೂ ನಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಿದ್ದರು. ಕನೆಕ್ಸಿನ್ 26 ಎಂಬ ಒಂದು ಪ್ರೋಟೀನಿನ ಜೀನಿನಲ್ಲಿ ಅಕ್ಷರದೋಷ. ನಮ್ಮ ದೇಶದಲ್ಲಿ ಹುಟ್ಟುಕಿವುಡಿಗೆ ಮತ್ತೆ ಮತ್ತೆ ಕಾಣಿಸುವ ಕಾರಣಗಳಲ್ಲಿ ಇದೂ ಒಂದು. ನನ್ನಲ್ಲಿ ಒಂದು ಪ್ರತಿ ಕೆಟ್ಟದ್ದು, ಒಂದು ಒಳ್ಳೆಯದು, ಅವಳಲ್ಲಿಯೂ ಹಾಗೆಯೇ, ಒಳ್ಳೆಯ ಪ್ರತಿ ಒಂದಿದ್ದರೆ ಕಿವಿ ಕೇಳುತ್ತದೆ. ಮಗುವಿಗೆ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದಿತು. ವೈದ್ಯರು ಇದನ್ನು ಕಾಗದದ ಮೇಲೆ ಬರೆದು ವಿವರಿಸಿದ್ದರು. ನಾನು ಆ ಕಾಗದವನ್ನು ನಾಲ್ಕಾಗಿ ಮಡಿಸಿ ಬೀರುವಿನಲ್ಲಿ ಇಟ್ಟೆ. ಅಮ್ಮನಿಗೆ ಹೇಳಬಹುದಾಗಿತ್ತು. ವಯಸ್ಸಾದವರಿಗೆ ಜೀನು ಗೀನು ಎಂದರೆ ತಿಳಿಯುವುದೇ ಎಂದು ನೆವ ಹೇಳಿಕೊಂಡೆ. ನಿಜವೇನೆಂದರೆ, ಹೇಳಿದರೆ ಅಮ್ಮನ ಬೆರಳು ಅಮ್ಮನ ಕಡೆಗೇ ತಿರುಗುತ್ತಿತ್ತು. ಅದನ್ನು ನೋಡುವ ಧೈರ್ಯ ನನಗಿರಲಿಲ್ಲ. ಅದರ ಬದಲು ಅತ್ತೆಯವರು ಅಪವಾದ ಹೊತ್ತುಕೊಂಡಿರಲು ಬಿಟ್ಟೆ. ಅವರು ದೂರದಲ್ಲಿದ್ದರು, ದೂರದವರ ನೋವು ಸಹ್ಯ.

ನೀಲಿ ಮರಿಯ ಸುದ್ದಿಯನ್ನು ಮರುದಿನ ಕಾಲೇಜಿನಲ್ಲಿ ನಮ್ಮ ಪ್ರಾಣಿಶಾಸ್ತ್ರದ ಮೇಷ್ಟ್ರಿಗೆ ಹೇಳಿದೆ. ಅವರು ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದವರು ಹಾಗೆಯೇ ನಿಲ್ಲಿಸಿ, “ಆಹಾ! ನಿಮ್ಮ ಮಡಕೆಯಲ್ಲಿ ಮೆಂಡೆಲ್ ಮೊಟ್ಟೆ ಇಟ್ಟಿದ್ದಾನೆ” ಎಂದರು. ಅವರಿಗೆ ಇಂಥ ವಿಷಯವೆಂದರೆ ಊಟವೂ ಬೇಡ.

ಬಡ್ಜರಿಗಾರಿನ ಹಸಿರು ನಿಜವಾಗಿ ಹಸಿರೇ ಅಲ್ಲವಂತೆ. ಗರಿಯ ಒಳರಚನೆ ಬೆಳಕನ್ನು ಚದುರಿಸುವುದರಿಂದ ನೀಲಿ ಕಾಣುತ್ತದೆ. ಅದರ ಮೇಲೆ ಹಕ್ಕಿಯ ದೇಹವೇ ತಯಾರಿಸುವ ಹಳದಿಯ ಲೇಪ. ನೀಲಿಯೂ ಹಳದಿಯೂ ಕೂಡಿ ಹಸಿರು. ಆ ಹಳದಿಯನ್ನು ತಯಾರಿಸುವ ಕಿಣ್ವದ ಜೀನು ಎರಡು ಪ್ರತಿಗಳಲ್ಲಿಯೂ ಕೆಟ್ಟಿದ್ದರೆ ಹಳದಿ ಇಲ್ಲ, ನೀಲಿಯೊಂದೇ ಉಳಿಯುತ್ತದೆ. ಯಾವ ಜೀನು, ಎಲ್ಲಿ ಕೆಟ್ಟಿದೆ ಎಂಬುದನ್ನು 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನ ಸಂಶೋಧಕರ ತಂಡ ಕಂಡುಹಿಡಿಯಿತು: ಇಡೀ ಕಿಣ್ವದಲ್ಲಿ ಒಂದೇ ಒಂದು ಅಮೈನೋ ಆಮ್ಲದ ವ್ಯತ್ಯಾಸ. ಒಂದು ಒತ್ತಕ್ಷರ ತಪ್ಪಿದರೆ ಪದ್ಯದ ಅರ್ಥವೇ ಕೆಡುವುದನ್ನು ನಾನು ಬಲ್ಲೆ. ಆದುದರಿಂದ ನನಗೆ ಆಶ್ಚರ್ಯವಾಗಲಿಲ್ಲ. ಆದರೆ ನೀಲಿ ಎಂಬುದು ಹೊಸದಾಗಿ ಎಲ್ಲಿಂದಲೋ ಬಂದುದಲ್ಲ, ಪ್ರತಿ ಹಸಿರು ಹಕ್ಕಿಯ ಕೆಳಗೂ ಇದ್ದೇ ಇದೆ ಎಂಬ ಮಾತು ನನ್ನ ಮನಸ್ಸಿನಲ್ಲಿ ನಿಂತಿತು.

“ಇದು ಹಕ್ಕಿಯ ಸಮಾಚಾರ. ಹಾವಿನದು ಕೇಳಿದರೆ ಏನೆನ್ನುತ್ತೀರಿ?” ಎಂದು ಅವರು ಮುಂದುವರಿಸಿದರು. 2023ರ ಜನವರಿಯ ಸುದ್ದಿ ನನಗೂ ನೆನಪಿತ್ತು. ಹೆಬ್ಬಾಳದಿಂದ ಯಲಹಂಕ ದಾಟಿ ಹೋಗುವ ಬಳ್ಳಾರಿ ರಸ್ತೆಯ ಕೊನೆಗಿರುವ ವಿಮಾನ ನಿಲ್ದಾಣದಲ್ಲಿ ಕಂದಾಯ ಗುಪ್ತಚರ ಇಲಾಖೆಯವರು 18 ವಿದೇಶೀ ಪ್ರಾಣಿಗಳನ್ನು ಹಿಡಿದರು. ಆ ಜಾಡಿನಲ್ಲಿಯೇ ಒಂದು ತೋಟದ ಮನೆಯನ್ನು ಶೋಧಿಸಿದಾಗ 48 ಜಾತಿಗಳ 139 ಪ್ರಾಣಿಗಳು ಸಿಕ್ಕವು. ಅನಕೊಂಡ, ಇಗ್ವಾನಗಳ ಜೊತೆಗೆ ಬಾಲ್ ಪೈಥಾನ್ ಎಂಬ ಹೆಬ್ಬಾವೂ ಇದ್ದಿತು. ಎಲ್ಲವನ್ನೂ ಬನ್ನೇರುಘಟ್ಟಕ್ಕೆ ಕಳುಹಿಸಿದರು. ಈ ಬಾಲ್ ಪೈಥಾನ್ ಆಫ್ರಿಕದ ಸಣ್ಣ ಹೆಬ್ಬಾವು. ಹೆದರಿದರೆ ತಲೆಯನ್ನು ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತದೆ. ಕಾಡಿನಲ್ಲಿ ಅದು ಕಂದು ಕಪ್ಪು. ಪರದೇಶದ ಸಾಕಣೆಗಾರರು ಬೆರಕೆ ಮಾಡಿ ಮಾಡಿ ಬಿಳಿ, ಹಳದಿ, ಪಟ್ಟೆ ಮಚ್ಚೆಗಳ ನೂರಾರು ತರಹ ತೆಗೆದಿದ್ದಾರೆ. ಅಪರೂಪದ ಬಣ್ಣಕ್ಕೆ ಅಪಾರ ಬೆಲೆ. ಜೇಡನ ಬಲೆಯಂತೆ ಮೈತುಂಬ ಗೆರೆಗಳಿರುವ ಒಂದು ತರಹವನ್ನು ಎಲ್ಲರೂ ಬಯಸಿ ಕೊಂಡರು. ಆ ಗೆರೆಗಳ ಜೊತೆಯಲ್ಲಿಯೇ ತಲೆ ನಡುಗುವ ರೋಗವೂ ಬರುತ್ತದೆಂಬುದು ಆಮೇಲೆ ತಿಳಿಯಿತು.

“ಬಿಳಿಯ ಹಾವಿಗೆ ಬಿಳಿಯ ಹಾವನ್ನು ಜೊತೆಗೂಡಿಸಿದರೆ ಬಿಳಿಯ ಮರಿಗಳೇ ಬರಬೇಕಲ್ಲವೇ? ಕೆಲವು ಸಲ ಎಲ್ಲ ಮರಿಗಳೂ ಕಂದು ಕಪ್ಪಾಗಿಯೇ ಹುಟ್ಟುತ್ತವೆ. ಹೇಗೆ?” ಎಂದರು. ನಾನು ವಿದ್ಯಾರ್ಥಿಯಂತೆ ಸುಮ್ಮನೆ ಕುಳಿತೆ. ಅವರು ತಮ್ಮ ಡಬ್ಬಿಯ ಸಾರನ್ನೇ ತೋರಿಸಿದರು. ಒಂದು ಮನೆಯಲ್ಲಿ ಹುಣಸೆಹಣ್ಣು ಇಲ್ಲ, ಉಪ್ಪು ಇದೆ. ಇನ್ನೊಂದರಲ್ಲಿ ಉಪ್ಪು ಇಲ್ಲ, ಹುಣಸೆಹಣ್ಣು ಇದೆ. ಎರಡು ಮನೆಯಲ್ಲಿಯೂ ಸಾರು ಸಪ್ಪೆ. ಇಲ್ಲಿಂದ ಉಪ್ಪನ್ನೂ ಅಲ್ಲಿಂದ ಹುಣಸೆಯನ್ನೂ ಪಡೆದ ಮಗುವಿನ ಮನೆಯಲ್ಲಿ ಸಾರು ಸೊಗಸು. ಆ ಎರಡು ಹಾವುಗಳೂ ಬೆಳ್ಳಗಾದುದು ಬೇರೆ ಬೇರೆ ಜೀನುಗಳ ಕೊರತೆಯಿಂದ. 2022ರಲ್ಲಿ ಅಮೆರಿಕದ ಸಂಶೋಧಕರು ಹಾವು ಸಾಕುವವರಿಂದ ಪೊರೆಗಳನ್ನು ತರಿಸಿಕೊಂಡು ಪರೀಕ್ಷಿಸಿ ಇಂಥ ಜೀನುಗಳನ್ನು ಗುರುತಿಸಿದ್ದಾರೆ. “ಹತ್ತಿರದವರು ಕೂಡಿದರೆ ಒಂದೇ ಕೊರತೆ ಎರಡು ಬಾರಿ ಬರುವ ಸಂಭವ ಹೆಚ್ಚು. ನಿಮ್ಮ ಹಕ್ಕಿಗಳು ಅಣ್ಣ ತಂಗಿಯೋ ಏನೋ, ಮಾರಿದವನನ್ನು ಕೇಳಿ” ಎಂದರು.

ಸಂಜೆ ಗಂಗಾನಗರಕ್ಕೆ ಹೋಗಿ ಕೇಳಿದೆ. ಹುಡುಗ ನಕ್ಕುಬಿಟ್ಟನು. “ಅವುಗಳ ಅಪ್ಪ ನೀಲಿ ಇತ್ತಲ್ಲ ಸಾರ್! ನೀವು ಕೇಳಲಿಲ್ಲ, ನಾನು ಹೇಳಲಿಲ್ಲ.” ನೀಲಿ ತಂದೆಯ ಮಕ್ಕಳೆಲ್ಲರಲ್ಲಿಯೂ ನೀಲಿಯ ಒಂದು ಪ್ರತಿ ಇದ್ದೇ ಇರುತ್ತದೆ, ಹೊರಗೆ ಹಸಿರಾಗಿ ಕಂಡರೂ.

ಆ ವಾರ ಗ್ರಂಥಾಲಯದಲ್ಲಿ ನನ್ನ ವಿಷಯಕ್ಕೆ ಸಂಬಂಧಪಡದ ಕಪಾಟಿನ ಮುಂದೆ ನಿಂತು ಡಾರ್ವಿನ್ನನ ವಿಚಾರ ಓದಿದೆ. ಆತನೂ ಪಾರಿವಾಳ ಸಾಕಿದ್ದನು. ಬಿಳಿಯ ಜಾತಿಗೆ ಕಪ್ಪು ಜಾತಿಯನ್ನು ಕೂಡಿಸಿ, ಅವುಗಳ ಮರಿಗಳನ್ನು ಮತ್ತೆ ಬೆರೆಸಿದಾಗ, ಯಾವ ಅಜ್ಜ ಮುತ್ತಜ್ಜನಲ್ಲಿಯೂ ಕಾಣದ ನೀಲಿ ಮೈಯ, ರೆಕ್ಕೆಯ ಮೇಲೆ ಎರಡು ಕರಿಗೆರೆಯ ಕಾಡುಪಾರಿವಾಳದ ರೂಪ ತಲೆದೋರಿತು. 1859ರ ತನ್ನ ಮಹಾಗ್ರಂಥದಲ್ಲಿ ಅದನ್ನು ಬರೆದಿದ್ದಾನೆ. ಅದೇ ಡಾರ್ವಿನ್ 1839ರಲ್ಲಿ ಮದುವೆಯಾದುದು ತನ್ನ ಸೋದರಮಾವನ ಮಗಳು ಎಮ್ಮಾಳನ್ನು! ಹತ್ತು ಮಕ್ಕಳು, ಇಬ್ಬರು ಎಳೆಗೂಸುಗಳಾಗಿಯೇ ಹೋದರು, ಮುದ್ದಿನ ಮಗಳು ಆ್ಯನಿ ಹತ್ತನೆಯ ವಯಸ್ಸಿನಲ್ಲಿ, 1851ರಲ್ಲಿ ತೀರಿಕೊಂಡಳು. ತಮ್ಮ ಮದುವೆಯೇ ಇದಕ್ಕೆ ಕಾರಣವೇನೋ ಎಂಬ ಸಂಶಯ ಆತನನ್ನು ಕೊರೆಯುತ್ತಿದ್ದಿತು. 1871ರ ಜನಗಣತಿಯಲ್ಲಿ ದಂಪತಿಗಳು ಒಡಹುಟ್ಟಿದವರ ಮಕ್ಕಳೇ ಎಂಬ ಪ್ರಶ್ನೆಯನ್ನು ಸೇರಿಸಬೇಕೆಂದು ಪ್ರಯತ್ನಪಟ್ಟನು, ಪಾರ್ಲಿಮೆಂಟು ಒಪ್ಪಲಿಲ್ಲ. ಮಗ ಜಾರ್ಜ್ ತಾನೇ ಅಂಕಿಸಂಖ್ಯೆ ಕಲೆಹಾಕಿ 1875ರಲ್ಲಿ ಪ್ರಕಟಿಸಿ, ಹಾನಿ ಅಷ್ಟೇನೂ ಹೆಚ್ಚಿಲ್ಲವೆಂದನು. ಮಗ ಹಾಗೆ ಹೇಳಿದಾಗ ತಂದೆಗೆ ಎಷ್ಟು ಸಮಾಧಾನವಾಯಿತೋ! ಮೆಂಡೆಲ್ 1866ರಲ್ಲಿಯೇ ಬಟಾಣಿ ಗಿಡಗಳ ಲೆಕ್ಕವನ್ನು ಅಚ್ಚು ಮಾಡಿಸಿದ್ದನು. ಲೋಕ ಅದನ್ನು ತೆರೆದು ನೋಡಿದ್ದು 1900ರಲ್ಲಿ, ಡಾರ್ವಿನ್ ಸತ್ತು ಹದಿನೆಂಟು ವರ್ಷದ ಮೇಲೆ. ಇದ್ದ ಉತ್ತರ ಮಡಿಸಿಟ್ಟ ಕಾಗದದಲ್ಲಿಯೇ ಉಳಿದಿತ್ತು. ನನ್ನ ಬೀರುವಿನ ನೆನಪಾಯಿತು.

ಭಾನುವಾರ ಪ್ರಾಣಿಶಾಸ್ತ್ರದ ಮೇಷ್ಟ್ರು ಮರಿಯನ್ನು ನೋಡಲೆಂದು ಮನೆಗೆ ಬಂದರು. ಕಾಫಿ ತಂದುಕೊಟ್ಟ ಅಮ್ಮ, “ಇದು ಎಲ್ಲಿಂದ ಬಂತು ಮೇಷ್ಟ್ರೇ, ನೀವಾದರೂ ಹೇಳಿ” ಎಂದರು. ಅವರು ನಮ್ಮ ಮನೆಯ ಒಳಕಥೆಯನ್ನು ಅರಿಯರು. ಒಂದು ಹಿಡಿ ಹೆಸರುಕಾಳು, ಒಂದು ಹಿಡಿ ಉದ್ದಿನಕಾಳು ಕೇಳಿ ತರಿಸಿಕೊಂಡರು. ಎರಡು ಲೋಟಗಳಲ್ಲಿ ಒಂದೊಂದು ಹೆಸರುಕಾಳು, ಒಂದೊಂದು ಉದ್ದಿನಕಾಳು ಹಾಕಿದರು.

“ಅಮ್ಮ, ಇದು ಗಂಡುಹಕ್ಕಿ, ಇದು ಹೆಣ್ಣುಹಕ್ಕಿ. ಹೆಸರುಕಾಳು ಒಂದಿದ್ದರೂ ಸಾಕು, ಹಸಿರು ಕಾಣುತ್ತದೆ. ಕಣ್ಣು ಮುಚ್ಚಿಕೊಂಡು ಎರಡರಿಂದಲೂ ಒಂದೊಂದು ಕಾಳು ತೆಗೆಯಿರಿ. ಅದೇ ಮರಿ.”

ಅಮ್ಮ ತೆಗೆದರು. ಒಂದು ಹೆಸರು, ಒಂದು ಉದ್ದು. ಹಸಿರು ಮರಿ. ಹಿಂದಕ್ಕೆ ಹಾಕಿ ಮತ್ತೆ ತೆಗೆದರು. ಎರಡೂ ಹೆಸರು. ಹಸಿರು. ಮತ್ತೆ ಹಸಿರು. ಅವರಿಗೆ ಆಟದಲ್ಲಿ ಉತ್ಸಾಹ ಬಂದಿತು; ಪುಟ್ಟಿಯೂ ತೊಡೆಯ ಮೇಲೆ ಬಂದು ಕುಳಿತಳು. ಆರನೆಯದೋ ಏಳನೆಯದೋ ಸಲ ಅಂಗೈ ಬಿಡಿಸಿದರೆ ಎರಡೂ ಉದ್ದು.

“ನೋಡಿ, ನೀಲಿ ಮರಿ ಬಂತು. ನಾಲ್ಕರಲ್ಲಿ ಒಂದು ಎಂದು ಲೆಕ್ಕ. ಹಾಗೆಂದು ಮೂರು ಹಸಿರಾದ ಮೇಲೆ ನಾಲ್ಕನೆಯದು ನೀಲಿಯೇ ಆಗಬೇಕೆಂದಿಲ್ಲ. ಪ್ರತಿ ಸಲವೂ ಹೊಸದಾಗಿ ಕಣ್ಣು ಮುಚ್ಚಬೇಕು. ಮೊದಲ ಗೂಡಿನ ನಾಲ್ಕೂ ಹಸಿರಾಗಲಿಲ್ಲವೇ? ಮೂರು ಗೂಡಿಗೆ ಒಂದರಲ್ಲಿ ಹಾಗೆ ಆಗಿಯೇ ಆಗುತ್ತದೆ” ಎಂದರು ಮೇಷ್ಟ್ರು. ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಈ ನಾಲ್ಕರಲ್ಲಿ ಒಂದು ಎಂಬ ಮಾತು ಅವಳಿಗೆ ಹೊಸದಲ್ಲ. ಇನ್ನೊಂದು ಮಗುವಿನ ಮಾತು ಬಂದಾಗ ವೈದ್ಯರು ಹೇಳಿದ್ದೂ ಅದನ್ನೇ.

ಅಮ್ಮ ಅಂಗೈಯ ಎರಡು ಕಾಳುಗಳನ್ನು ನೋಡುತ್ತ, “ಒಂದು ಲೋಟದಲ್ಲಿ ಮಾತ್ರ ಉದ್ದಿದ್ದರೆ?” ಎಂದು ಕೇಳಿದರು.

“ಆಗ ನೀಲಿ ಬರುವುದೇ ಇಲ್ಲ ಅಮ್ಮ. ಇಬ್ಬರೂ ಕೊಡಬೇಕು.”

ಅಮ್ಮ ಮತ್ತೆ ಮಾತಾಡಲಿಲ್ಲ. ಮೇಷ್ಟ್ರು ಹೊರಟುಹೋದರು. ದೀಪ ಹಚ್ಚುವ ಹೊತ್ತಿಗೆ ಅಮ್ಮ ನನ್ನನ್ನು ಕರೆದರು. ಸೆರಗಿನ ತುದಿಯಲ್ಲಿ ಆ ಎರಡು ಉದ್ದಿನಕಾಳುಗಳು ಹಾಗೆಯೇ ಇದ್ದವು.

“ಪುಟ್ಟಿಯದೂ ಹೀಗೆಯೋ?”

“ಹೌದಮ್ಮ.”

“ನಿನ್ನ ಕಾಳು ನಿನಗೆ ಎಲ್ಲಿಂದ ಬಂತು?”

“ನಿನ್ನಿಂದಲೋ ಅಪ್ಪನಿಂದಲೋ.”

“ಅವಳದು?”

“ಮಾವನಿಂದಲೋ ಅತ್ತೆಯಿಂದಲೋ.”

“ಎರಡೂ ಒಂದೇ ಜಾತಿ ಕಾಳೇನೋ?”

ನಾನು ಬೀರು ತೆಗೆದು ಕಾಗದವನ್ನು ತಂದೆ. ಮಡಿಕೆಗಳಲ್ಲಿ ಅದು ಹರಿಯತೊಡಗಿತ್ತು. ಒಂದೇ, ಒಂದೇ ಸ್ಥಾನದಲ್ಲಿ ಒಂದೇ ದೋಷ, ಎಂದು ಓದಿ ಹೇಳಿದೆ. ನ್ಯಾಯವಾಗಿ ನೋಡಿದರೆ ಇದರಿಂದ ಎಲ್ಲವೂ ಸಿದ್ಧವಾದಂತಲ್ಲ. ಆ ದೋಷ ನಾಡಿನಲ್ಲಿ ಅಪರೂಪವಲ್ಲವಾದ್ದರಿಂದ ಬೇರೆ ಬೇರೆ ಮನೆಗಳಿಂದಲೂ ಬಂದಿರಬಹುದು. ಆದರೆ ಅಣ್ಣ ತಂಗಿಯ ಮಕ್ಕಳಲ್ಲಿ ಒಂದೇ ದೋಷ ಕಂಡಾಗ ಇಬ್ಬರ ಅಜ್ಜ ಅಜ್ಜಿಯರ ಕಡೆಗೇ ತಕ್ಕಡಿ ವಾಲುತ್ತದೆ. ಅತ್ತೆಯವರಲ್ಲಿಯೇ ಇದ್ದಿತೆಂದುಕೊಂಡರೂ ಅವರೊಬ್ಬರಿಂದಲೇ ಆಗುವ ಕೆಲಸವಲ್ಲ. ಇಷ್ಟನ್ನು ನಾನು ತಡವರಿಸುತ್ತ ಹೇಳುತ್ತಿದ್ದೆ. ಅಮ್ಮ ಕೇಳುತ್ತಿದ್ದಂತೆ ತೋರಲಿಲ್ಲ.

“ನಮ್ಮ ಸೋದರತ್ತೆ ಒಬ್ಬಳಿದ್ದಳು” ಎಂದರು. “ಅಪ್ಪನ ತಂಗಿ. ಮಾತು ಬರುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಜ್ವರ ಬಂದು ಮಾತು ಹೋಯಿತು ಅಂತ ಹೇಳೋರು. ಮೂಗಿ ಅಂತಲೇ ಕರೆಯೋರು. ಮದುವೆ ಆಗಲಿಲ್ಲ. ಹಿತ್ತಲ ಕೋಣೆಯಲ್ಲಿ ಇರೋಳು. ನನ್ನ ತಲೆ ಬಾಚಿ ಜಡೆ ಹಾಕುತ್ತಿದ್ದುದು ಅವಳೇ. ಮೊಗ್ಗಿನ ಜಡೆ ಅವಳ ಹಾಗೆ ಯಾರೂ ಹೆಣೆಯುತ್ತಿರಲಿಲ್ಲ.” ಸ್ವಲ್ಪ ಹೊತ್ತು ಬಿಟ್ಟು, “ನಾನು ಹೇಗೆ ಮರೆತೆನೋ? ಮರೆತೆನೋ ಇಲ್ಲವೋ?” ಎಂದರು.

ಅರವತ್ತು ವರ್ಷಗಳಾಚೆಯ ಜ್ವರ ಎಂಥದಿತ್ತೋ ಯಾರು ಬಲ್ಲರು? ಮದುವೆಯ ಮಾತುಕತೆಗಳಲ್ಲಿ ಅಡ್ಡಿಯಾದೀತೆಂದು ಮನೆಯ ಹಿರಿಯರು ಆ ಜೀವವನ್ನು ಹಿತ್ತಲಿನಲ್ಲಿಯೂ ಆಮೇಲೆ ನೆನಪಿನ ಹಿಂಬದಿಯಲ್ಲಿಯೂ ಇಟ್ಟಿರಬೇಕು. ನನ್ನ ತಾಯಿಯವರು ಸುಳ್ಳು ಹೇಳುವವರಲ್ಲ. ವಂಶದಲ್ಲಿ ಯಾರಿಗೂ ಇಲ್ಲ ಎಂದು ಆಸ್ಪತ್ರೆಯಲ್ಲಿ ಅಂದಾಗ ಅವರು ಅದನ್ನು ನಂಬಿಯೇ ಅಂದಿದ್ದರು.

ರಾತ್ರಿ ಊಟವಾದ ಮೇಲೆ ಅಮ್ಮ ಸೊಸೆಯ ಕೈಗೆ ತಮ್ಮ ಮೊಬೈಲನ್ನು ಕೊಟ್ಟು, “ನಿಮ್ಮ ಅಮ್ಮನಿಗೆ ಹಚ್ಚಿಕೊಡೇ” ಎಂದರು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊರಗೆ ಬಂದೆವು. ಒಳಗಿನ ಮಾತು ಕೇಳಿಸಲಿಲ್ಲವೆಂದರೆ ಸುಳ್ಳಾದೀತು. ಹಕ್ಕಿಯ ಬಣ್ಣ, ನವಣೆಯ ಬೆಲೆ, ಮಂಡಿ ನೋವು, ಎಲ್ಲ ಬಂದುವು. ನಡುನಡುವೆ ಉದ್ದನೆಯ ಮೌನಗಳು. ಕ್ಷಮಿಸು ಎಂಬ ಶಬ್ದ ಬರಲಿಲ್ಲ. ನಮ್ಮ ಹೆಂಗಸರು ಆ ಶಬ್ದವನ್ನು ಬಳಸುವುದನ್ನು ನಾನು ಕಾದಂಬರಿಗಳಲ್ಲಿ ಮಾತ್ರ ಕಂಡಿದ್ದೇನೆ. “ರೈಲಿಗೆ ಬನ್ನಿ ಅತ್ತಿಗೆ, ಯಶವಂತಪುರದಲ್ಲೇ ಇಳಿಯಿರಿ, ಮೆಜೆಸ್ಟಿಕ್‌ವರೆಗೆ ಹೋಗಬೇಡಿ” ಎಂಬುದು ಕೊನೆಯ ಮಾತು.

ಅತ್ತೆಯವರು ಬಂದರು. ಯಶವಂತಪುರದ ನಿಲ್ದಾಣಕ್ಕೆ ಕರೆತರಲು ನಾನೊಬ್ಬನೇ ಹೋಗುವುದೆಂದಿತ್ತು. ಹೊರಡುವಾಗ ನೋಡಿದರೆ ಅಮ್ಮ ಸೀರೆ ಬದಲಾಯಿಸಿ ಆಟೋದಲ್ಲಿ ಕುಳಿತಿದ್ದರು. ಗಾಡಿ ಇಪ್ಪತ್ತು ನಿಮಿಷ ತಡವಾಗಿ ಬಂದಿತು. ಅತ್ತೆಯವರು ಇಳಿದೊಡನೆ ಅಮ್ಮ ಮುಂದೆ ಹೋಗಿ ಕೈಚೀಲಕ್ಕೆ ಕೈಹಾಕಿದರು. “ಭಾರ ಇದೆ, ಬಿಡು” ಎಂದರು ಅವರು, ಇವರು ಬಿಡಲಿಲ್ಲ. ಇಬ್ಬರೂ ಆಚೆಗೊಂದು ಈಚೆಗೊಂದು ಕಿವಿ ಹಿಡಿದುಕೊಂಡು ಮೆಟ್ಟಿಲು ಹತ್ತಿದರು. ಚೀಲದಲ್ಲಿ ಇದ್ದುದು ತಿಪಟೂರಿನ ಕೊಬ್ಬರಿ.

ಮನೆಗೆ ಬಂದವರನ್ನು ಪುಟ್ಟಿ ಕೈಹಿಡಿದು ನೇರವಾಗಿ ಪಂಜರದ ಬಳಿಗೆ ಎಳೆದುಕೊಂಡು ಹೋದಳು. ಅವಳು ಆ ಮರಿಗೆ ನೀಲಿ ಎಂದೇ ಹೆಸರಿಟ್ಟಿದ್ದಾಳೆ. ಬಾಯಲ್ಲಿ ಅದು “ನೀಯಿ” ಆಗುತ್ತದೆ. ಆಗ ಮರಿ ಮಡಕೆಯಿಂದ ಹೊರಬಂದು ಕೊಂಬೆಯ ಮೇಲೆ ಕೂರುವಷ್ಟಾಗಿತ್ತು. ಅತ್ತೆಯವರು ಬಗ್ಗಿ ನೋಡಿ, “ಎಷ್ಟು ಲಕ್ಷಣವಾಗಿದೆ! ಇದು ಯಾರ ಹಾಗೋ?” ಎಂದರು.

“ನಮ್ಮ ಸೋದರತ್ತೆಯ ಹಾಗೆ ಅತ್ತಿಗೆ” ಎಂದು ಅಮ್ಮ, ಆಕೆಯ ಹೆಸರು ಹಿಡಿದು ಹೇಳಿದರು. ಆ ಹೆಸರನ್ನು ನಾನು ಕೇಳಿದುದು ಅದೇ ಮೊದಲು. ಪುಟ್ಟಿ ಅಮ್ಮನ ತುಟಿಯನ್ನೇ ನೋಡುತ್ತಿದ್ದವಳು ಆ ಹೆಸರನ್ನು ತಾನೂ ಹೇಳಿನೋಡಿದಳು. ಒತ್ತಕ್ಷರ ಜಾರಿತು. ಇನ್ನೊಮ್ಮೆ ಹೇಳಿದಳು, ಈ ಸಲ ಸರಿಯಾಗಿ ಬಂದಿತು.